ಗಂಡನ ಹೆಸರಿನ ಹಿಂದೆ ಮರೆಯಾದವಳು: ಅಮೆರಿಕದ ಗಡಿಸೀಮೆಯ ಹೆಣ್ಣಿನ ತವರು ಹುಡುಕುವ ಬಗೆ

1806ರ ಜೂನ್ 10ರಂದು ಕೆಂಟಕಿಯ ವಾಷಿಂಗ್ಟನ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಥಾಮಸ್ ಲಿಂಕನ್ ಎಂಬ ಬಡಗಿ ಐವತ್ತು ಪೌಂಡಿನ ಮದುವೆ ಮುಚ್ಚಳಿಕೆ ಬರೆದುಕೊಟ್ಟ. ಹುಡುಗಿಯ ಹೆಸರು ನ್ಯಾನ್ಸಿ ಹ್ಯಾಂಕ್ಸ್. ಜಾಮೀನು ನಿಂತವನು ರಿಚರ್ಡ್ ಬೆರಿ. ರುಜುವಿನ ಪಕ್ಕದಲ್ಲಿ ತಾನು ಹುಡುಗಿಯ ಪಾಲಕ ಎಂದು ತಪ್ಪು ಕಾಗುಣಿತದಲ್ಲಿ ಬರೆದಿದ್ದಾನೆ. ಎರಡು ದಿನದ ಮೇಲೆ ಜೆಸ್ಸಿ ಹೆಡ್ ಎಂಬ ಮೆಥಡಿಸ್ಟ್ ಪಾದ್ರಿ ಮದುವೆ ಮಾಡಿಸಿದ. ಅವರ ಮಗ ಅಬ್ರಹಾಂ ಮುಂದೆ ಅಮೆರಿಕದ ಅಧ್ಯಕ್ಷನಾದ. ಇಷ್ಟಾದರೂ ನ್ಯಾನ್ಸಿ ಯಾರ ಮಗಳು ಎಂದು ನೇರವಾಗಿ ಹೇಳುವ ಆ ಕಾಲದ ಒಂದು ಕಾಗದವೂ ಸಿಕ್ಕಿಲ್ಲ. ಅಧ್ಯಕ್ಷನ ತಾಯಿಯ ಪಾಡೇ ಇದು ಎಂದಮೇಲೆ, ಮರದ ದಿಮ್ಮಿಯ ಗುಡಿಸಲಲ್ಲಿ ಹತ್ತು ಮಕ್ಕಳನ್ನು ಹೆತ್ತು ಸತ್ತ ಸಾಮಾನ್ಯ ಹೆಂಗಸಿನ ತವರು ಸುಲಭವಾಗಿ ಸಿಗುತ್ತದೆ ಎಂದುಕೊಳ್ಳಬೇಡಿ. ಸಿಗುವುದೇ ಇಲ್ಲ ಎಂದೂ ಅಲ್ಲ.

ಕಷ್ಟದ ಮೂಲ ಕಾನೂನಿನಲ್ಲಿದೆ. ಇಂಗ್ಲೆಂಡಿನಿಂದ ಬಂದ ರೂಢಿಯ ಕಾನೂನಿನ ಪ್ರಕಾರ ಮದುವೆಯಾದ ಹೆಣ್ಣು ಸಾಮಾನ್ಯವಾಗಿ ತನ್ನ ಹೆಸರಿನಲ್ಲಿ ಜಮೀನು ಮಾರುವಂತಿರಲಿಲ್ಲ, ಒಬ್ಬಳೇ ದಾವೆ ಹೂಡುವಂತಿರಲಿಲ್ಲ, ಗಂಡನ ಒಪ್ಪಿಗೆ ಇಲ್ಲದೆ ಉಯಿಲು ಬರೆಯುವಂತಿರಲಿಲ್ಲ. ದಾಖಲೆ ಹುಟ್ಟುವುದೇ ಇಂಥ ವ್ಯವಹಾರಗಳಿಂದ. ಹಾಗಾಗಿ ಅವಳ ಹೆಸರು ಹಿಡಿದು ಹುಡುಕಿದರೆ ಹೆಚ್ಚಿನ ಸಲ ಬರಿಗೈ. ಅವಳ ಅಕ್ಕಪಕ್ಕ ನಿಂತವರನ್ನು ಹಿಡಿಯಬೇಕು: ಜಾಮೀನುದಾರ, ಸಾಕ್ಷಿ ಹಾಕಿದವನು, ಬೇಲಿಯಾಚೆಯ ನೆರೆಯವನು, ಮಕ್ಕಳಿಗೆ ಪಾಲಕನಾದವನು. ಅವರಲ್ಲೊಬ್ಬ ಅವಳ ತಂದೆಯೋ ಅಣ್ಣನೋ ಆಗಿರುವುದು ಬಹಳ ಸಾಮಾನ್ಯ.

ಇಲ್ಲಿ ಹೇಳುವುದೆಲ್ಲ ಸುಮಾರು 1750ರಿಂದ 1830ರ ತನಕ, ವಲಸಿಗರು ಆಗ ಹೊಸದಾಗಿ ನೆಲಸುತ್ತಿದ್ದ ಗಡಿಸೀಮೆಯ, ಅಂದರೆ ಪಶ್ಚಿಮ ವರ್ಜೀನಿಯಾ, ಕೆಂಟಕಿ, ಟೆನೆಸಿ ಕಡೆಯ ಮನೆತನಗಳಿಗೆ ಹೊಂದುವಂಥದ್ದು. ಅಮೆರಿಕದ ಹಳೆಯ ಮನೆತನಗಳೊಡನೆ ನೆಂಟಸ್ತಿಕೆ ಬೆಳೆಸಿದ ಕನ್ನಡ ಕುಟುಂಬಗಳು ಈಗ ಕಡಿಮೆಯೇನಿಲ್ಲ. ಮಕ್ಕಳ ವಂಶವೃಕ್ಷದ ಒಂದು ಕೊಂಬೆ ಅಪಲಾಚಿಯನ್ ಬೆಟ್ಟಗಳಿಗೆ ಹೋಗಿ ನಿಂತಿದ್ದರೆ ಈ ಕೆಲಸವನ್ನು ಮೈಸೂರಿನಲ್ಲಿ ಕೂತೂ ಬಹುಪಾಲು ಮಾಡಬಹುದು.

ಮಕ್ಕಳಿಂದ ಶುರುಮಾಡಿ

ಮೊದಲು ಅವಳ ಎಲ್ಲ ಮಕ್ಕಳ ಪಟ್ಟಿ ಮಾಡಿ. ನಿಮ್ಮ ನೇರ ಹಿರಿಯನೊಬ್ಬನನ್ನೇ ಹಿಡಿದು ಹೊರಟರೆ ದಾರಿ ಬೇಗ ಮುಚ್ಚಿಹೋಗುತ್ತದೆ. ಅವನ ತಮ್ಮನ ಸಾವಿನ ದಾಖಲೆಯಲ್ಲಿ ತಾಯಿಯ ತವರು ಹೆಸರು ಇರಬಹುದು, ತಂಗಿಯ ಮನೆಯಲ್ಲಿ ಮುದಿ ಅಜ್ಜಿ ವಾಸವಿದ್ದಿರಬಹುದು.

1850ರ ಜನಗಣತಿಯೇ ಮನೆಯ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಬರೆದ ಮೊದಲ ಗಣತಿ. 1780ರಲ್ಲಿ ಹುಟ್ಟಿದವಳು 1850ಕ್ಕೆ ಎಪ್ಪತ್ತರವಳು. ಬದುಕಿದ್ದರೆ ಯಾವುದೋ ಮಗನ ಮನೆಯ ಪಟ್ಟಿಯ ಕೊನೆಯಲ್ಲಿ ಇರುತ್ತಾಳೆ. ಆದರೆ ಮನೆಯ ಯಜಮಾನನಿಗೆ ಅವಳು ಏನಾಗಬೇಕು ಎಂಬ ಕಾಲಂ ಬಂದದ್ದು 1880ರಲ್ಲಿ. ಅದೇ 1880ರ ಗಣತಿ ಪ್ರತಿಯೊಬ್ಬನ ತಂದೆತಾಯಿ ಹುಟ್ಟಿದ ರಾಜ್ಯವನ್ನೂ ಕೇಳಿತು. 1805ರಲ್ಲಿ ಹುಟ್ಟಿದ ಮಗ ಆಗ ಎಪ್ಪತ್ತೈದರವನು. ಬದುಕಿದ್ದ ಮಕ್ಕಳೆಲ್ಲರ ಉತ್ತರಗಳನ್ನು ಒಂದೆಡೆ ಇಟ್ಟು ನೋಡಿ. ನಾಲ್ವರಲ್ಲಿ ಮೂವರು ತಾಯಿ ನಾರ್ತ್ ಕೆರೊಲಿನಾದವಳು ಎಂದರೆ ಹುಡುಕಾಟ ಆ ಕಡೆ ತಿರುಗಬೇಕು.

ಕೆಂಟಕಿಯಲ್ಲಿ 1852ರಿಂದ ಸುಮಾರು ಹತ್ತು ವರ್ಷ ಜನನ ಮರಣ ಬರೆದಿಡುವ ಕಾನೂನು ಇತ್ತು, ವರ್ಜೀನಿಯಾದಲ್ಲಿ 1853ರಿಂದ. ಆಗ ಸತ್ತ ವಯಸ್ಸಾದವರ ಸಾಲಿನಲ್ಲಿ ತಂದೆತಾಯಿಯ ಹೆಸರು ಸಿಗುವುದುಂಟು. ಎಲ್ಲ ಕೌಂಟಿಯ ಎಲ್ಲ ವರ್ಷಗಳೂ ಉಳಿದಿಲ್ಲ, ಆದರೂ ಐದು ನಿಮಿಷದ ಕೆಲಸ, ನೋಡಿಬಿಡಿ.

ಊರು ಅಲ್ಲೇ ಇತ್ತು, ಕೌಂಟಿ ಬದಲಾಯಿತು

ಗಡಿಸೀಮೆಯ ದಾಖಲೆ ಸಿಗದಿರಲು ಅತಿ ದೊಡ್ಡ ಕಾರಣ ತಪ್ಪು ಕೌಂಟಿಯಲ್ಲಿ ಹುಡುಕುವುದು. ಕೆಂಟಕಿಯ ನೆಲ 1776ರ ತನಕ ವರ್ಜೀನಿಯಾದ ಫಿನ್‌ಕ್ಯಾಸಲ್ ಕೌಂಟಿಯ ಭಾಗವಾಗಿತ್ತು. ಆಮೇಲೆ ಇಡೀ ಪ್ರದೇಶವೇ ಕೆಂಟಕಿ ಕೌಂಟಿ. 1780ರಲ್ಲಿ ಅದು ಜೆಫರ್ಸನ್, ಲಿಂಕನ್, ಫಯೆಟ್ ಎಂದು ಮೂರಾಯಿತು. ಜೆಫರ್ಸನ್‌ನಿಂದ ನೆಲ್ಸನ್ ಹುಟ್ಟಿತು, ಕೆಂಟಕಿ ರಾಜ್ಯವಾದ 1792ರಲ್ಲಿ ನೆಲ್ಸನ್‌ನಿಂದ ವಾಷಿಂಗ್ಟನ್ ಒಡೆಯಿತು. ಒಂದೇ ಹಳ್ಳದ ದಂಡೆಯಲ್ಲಿ ಇಪ್ಪತ್ತು ವರ್ಷ ಕದಲದೆ ಕೂತ ಕುಟುಂಬದ ಕಾಗದಗಳು ನಾಲ್ಕೈದು ಕೋರ್ಟುಗಳಲ್ಲಿ ಹಂಚಿಹೋಗಿರುತ್ತವೆ. ಹೊಸ ಕೌಂಟಿ ಆದಾಗ ಹಳೆಯ ಪುಸ್ತಕಗಳು ಹಳೆಯ ಕೋರ್ಟಿನಲ್ಲೇ ಉಳಿಯುತ್ತವೆ.

ಶಿಕಾಗೋದ ನ್ಯೂಬೆರಿ ಗ್ರಂಥಾಲಯ ಅಮೆರಿಕದ ಹಳೆಯ ಕೌಂಟಿ ಗಡಿಗಳ ನಕ್ಷೆಯನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ತಾರೀಖು ಹಾಕಿದರೆ ಅಂದಿನ ಗಡಿ ಕಾಣಿಸುತ್ತದೆ. ಕಾಗದದ ಮೇಲೆ ಮೂರು ಕಾಲಂ ಎಳೆಯಿರಿ: ವರ್ಷ, ಅಂದಿನ ಕೌಂಟಿ, ಅದರ ತಾಯಿ ಕೌಂಟಿ. ಹುಡುಕಾಟ ಮುಗಿಯುವ ತನಕ ಆ ಹಾಳೆ ಎದುರಿಗಿರಲಿ.

ಲಿಂಕನ್ ದಂಪತಿಯ ಮದುವೆ ದಾಖಲೆ 1878ರ ತನಕ ಸಿಗದೆ ಇದ್ದದ್ದೂ ಹೀಗೆಯೇ. ಅವರು ಸಂಸಾರ ಹೂಡಿದ್ದು ಹಾರ್ಡಿನ್ ಕೌಂಟಿಯಲ್ಲಿ, ಜನ ಹುಡುಕಿದ್ದೂ ಅಲ್ಲೇ. ಮದುವೆಗೆ ಪರವಾನಗಿ ಪಡೆಯುವುದು ಸಾಮಾನ್ಯವಾಗಿ ಹೆಣ್ಣಿನ ಕೌಂಟಿಯಲ್ಲಿ. ಅಷ್ಟರೊಳಗೆ ಅಧ್ಯಕ್ಷನ ಹುಟ್ಟಿನ ಬಗ್ಗೆಯೇ ಸಲ್ಲದ ಮಾತು ಊರೆಲ್ಲ ಹಬ್ಬಿತ್ತು.

ಹೆಸರಿಲ್ಲದ ಗಣತಿಯಿಂದ ವಯಸ್ಸು ತೆಗೆಯುವುದು

1790ರಿಂದ 1840ರ ತನಕದ ಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ. ಉಳಿದವರು ವಯಸ್ಸಿನ ಕಾಲಂಗಳಲ್ಲಿ ಬರೀ ಅಂಕಿ. 1790ರಲ್ಲಿ ಹೆಂಗಸರಿಗೆ ಆ ಕಾಲಂಗಳೂ ಇಲ್ಲ, ಎಲ್ಲರೂ ಒಂದೇ ಲೆಕ್ಕ. 1800, 1810, 1820ರಲ್ಲಿ ಬಿಳಿಯ ಹೆಂಗಸರಿಗೆ ಐದು ಕಾಲಂ: 10ರ ಒಳಗೆ, 10ರಿಂದ 15, 16ರಿಂದ 25, 26ರಿಂದ 44, 45 ಮತ್ತು ಮೇಲೆ.

ಲೆಕ್ಕ ಹೀಗೆ ಹಾಕಿ. 1810ರಲ್ಲಿ ಅವಳು 26ರಿಂದ 44ರ ಕಾಲಂನಲ್ಲಿದ್ದರೆ ಹುಟ್ಟು 1765ರಿಂದ 1784ರ ನಡುವೆ. 1820ರಲ್ಲಿ 45 ದಾಟಿದವರ ಸಾಲಿನಲ್ಲಿದ್ದರೆ 1775ರ ಈಚೆಗೆ ಹುಟ್ಟಿದವಳಲ್ಲ. 1830ರಲ್ಲಿ 50ರಿಂದ 60ರ ನಡುವಿನ ಕಾಲಂನಲ್ಲಿದ್ದರೆ 1770ರ ಹಿಂದಿನವಳೂ ಅಲ್ಲ. ಮೂರೂ ಸೇರಿ ಹುಟ್ಟು 1770ರಿಂದ 1775 ಎಂದು ಬಿಗಿಯಾಗುತ್ತದೆ. ಎಡವುವ ಜಾಗ ಒಂದಿದೆ. ಆ ಕಾಲಂನ ಹೆಂಗಸು ಹೆಂಡತಿಯೇ ಎಂದು ಖಾತ್ರಿಯಿಲ್ಲ. ವಿಧವೆ ಅತ್ತೆಯೋ ಮದುವೆಯಾಗದ ನಾದಿನಿಯೋ ಎರಡನೆಯ ಹೆಂಡತಿಯೋ ಆಗಿರಬಹುದು. 1810ರಿಂದ 1820ಕ್ಕೆ ಬರುವಾಗ ವಯಸ್ಸು ಹೆಚ್ಚುವ ಬದಲು ಕಡಿಮೆಯಾದರೆ ಹೊಸ ಹೆಂಡತಿ ಬಂದಿದ್ದಾಳೆಂಬ ಅನುಮಾನ ಮೊದಲು ಬರಬೇಕು.

ಕೆಂಟಕಿಯ 1790 ಮತ್ತು 1800ರ ಗಣತಿಗಳು ಉಳಿದಿಲ್ಲ. ಟೆನೆಸಿಯ ಅದೇ ಎರಡು ಗಣತಿಗಳೂ ಇಲ್ಲ, 1810ರದ್ದು ಬಹುಪಾಲು ಹೋಗಿದೆ. ಈ ಖಾಲಿಯನ್ನು ತುಂಬುವುದು ತೆರಿಗೆ ಪಟ್ಟಿ. ನನ್ನನ್ನು ಕೇಳಿದರೆ ಗಣತಿಗಿಂತ ತೆರಿಗೆ ಪಟ್ಟಿಯೇ ಮೇಲು: ಗಣತಿ ಹತ್ತು ವರ್ಷಕ್ಕೊಮ್ಮೆ, ಇದು ವರ್ಷವರ್ಷವೂ. ಗಂಡಸಿನ ಹೆಸರು, ಎಕರೆ, ಜಮೀನು ಯಾವ ಹಳ್ಳದ ಮೇಲಿದೆ, ಮನೆಯಲ್ಲಿ 21 ದಾಟಿದ ಗಂಡಸರೆಷ್ಟು, 16ರಿಂದ 21ರವರೆಷ್ಟು, ಗುಲಾಮರೆಷ್ಟು, ಕುದುರೆ ಎಷ್ಟು ಎಂಬೆಲ್ಲ ವಿವರ ಅದರಲ್ಲಿ ಸಿಗುತ್ತದೆ. ಯಾವುದೋ ವರ್ಷ ಗಂಡನ ಹೆಸರು ಹೋಗಿ ಅದೇ ಎಕರೆ, ಅದೇ ಹಳ್ಳಕ್ಕೆ ಹೆಂಗಸಿನ ಹೆಸರು ಬಂದರೆ ಅವಳು ವಿಧವೆಯಾಗಿದ್ದಾಳೆ. ಎರಡು ವರ್ಷ ಬಿಟ್ಟು ಅವಳ ಹೆಸರೂ ಹೋಗಿ ಅದೇ ಜಮೀನಿಗೆ ಹೊಸ ಗಂಡಸು ಬಂದರೆ ಮರುಮದುವೆ ಆಗಿರುವ ಸಂಭವವಿದೆ. ಆ ಎರಡು ವರ್ಷದ ಮದುವೆ ಪುಸ್ತಕ ತೆಗೆಯಿರಿ. ಒಂದು ವರ್ಷದ ಪಟ್ಟಿ ನೋಡಿ ನಿಲ್ಲಿಸಿದರೆ ಇದಾವುದೂ ಕಾಣುವುದಿಲ್ಲ, ಸತತ ಹದಿನೈದು ಇಪ್ಪತ್ತು ವರ್ಷ ಓದಬೇಕು.

ಮದುವೆ ಮುಚ್ಚಳಿಕೆ: ಒಂದು ಹಾಳೆಯಲ್ಲಿ ನಾಲ್ಕು ಸುಳಿವು

ವರ್ಜೀನಿಯಾ, ಕೆಂಟಕಿ ಕಡೆ ಪರವಾನಗಿ ಬೇಕಾದರೆ ಗಂಡು ಒಬ್ಬ ಜಾಮೀನುದಾರನೊಡನೆ ಐವತ್ತು ಪೌಂಡಿಗೆ ಮುಚ್ಚಳಿಕೆ ಬರೆದುಕೊಡಬೇಕಿತ್ತು. ಹಣ ಕಟ್ಟುವುದಲ್ಲ, ಮದುವೆಗೆ ಕಾನೂನಿನ ಅಡ್ಡಿ ಇದ್ದರೆ ಆ ಹಣಕ್ಕೆ ಇಬ್ಬರೂ ಹೊಣೆ ಎಂಬ ಮಾತು. ಅಂಥ ಹೊಣೆ ಹೊರುವವನು ಹೆಚ್ಚಾಗಿ ಹೆಣ್ಣಿನ ಕಡೆಯವನೇ.

ನೋಡಬೇಕಾದ್ದು ನಾಲ್ಕು: ಮುಚ್ಚಳಿಕೆ, 21 ತುಂಬದ ಹೆಣ್ಣಿಗೆ ತಂದೆ ಅಥವಾ ಪಾಲಕ ಕೊಟ್ಟ ಒಪ್ಪಿಗೆ ಚೀಟಿ, ಆ ಚೀಟಿಗೆ ಸಾಕ್ಷಿ ಹಾಕಿದವರ ಹೆಸರು, ಮದುವೆ ಮಾಡಿಸಿದ ಪಾದ್ರಿ ಆಮೇಲೆ ಕೋರ್ಟಿಗೆ ಕಳಿಸಿದ ಪಟ್ಟಿ. ಅಚ್ಚಾದ ಸೂಚಿಗಳಲ್ಲಿ ಗಂಡು, ಹೆಣ್ಣು, ತಾರೀಖು ಮಾತ್ರ ಇರುತ್ತದೆ. ಬೇಕಾದ ಮಾಲೆಲ್ಲ ಮೂಲ ಹಾಳೆಯಲ್ಲಿ, ಒಮ್ಮೊಮ್ಮೆ ಅದರ ಬೆನ್ನಿಗೆ ಬರೆದಿರುತ್ತದೆ. ಮುಚ್ಚಳಿಕೆ ಇದ್ದ ಮಾತ್ರಕ್ಕೆ ಮದುವೆ ನಡೆಯಿತೆಂದಲ್ಲ, ಅದಕ್ಕೆ ಸಾಕ್ಷಿ ಪಾದ್ರಿಯ ಪಟ್ಟಿ.

ಕಾಗದದಲ್ಲಿ ಬರೆದದ್ದನ್ನೂ ತೂಗಿ ನೋಡಬೇಕು. ನ್ಯಾನ್ಸಿ ಹುಟ್ಟಿದ್ದು ವಾಡಿಕೆಯಲ್ಲಿ ಹೇಳುವಂತೆ 1784ರಲ್ಲಾದರೆ ಮದುವೆಗೆ ಅವಳಿಗೆ 22. ಪಾಲಕನ ಅಗತ್ಯವೇ ಇರಲಿಲ್ಲ. ಬೆರಿಯನ್ನು ಕೋರ್ಟು ಪಾಲಕನಾಗಿ ನೇಮಿಸಿತ್ತೋ, ಅವನ ಮನೆಯಲ್ಲಿ ಅವಳು ಇದ್ದದ್ದಕ್ಕೆ ಅವನೇ ಹಾಗೆ ಬರೆದನೋ? ಬೆರಿ ಕುಟುಂಬಕ್ಕೆ ಶಿಪ್ಲಿ ಮನೆತನದ ಹೆಣ್ಣು ಸೊಸೆಯಾಗಿ ಬಂದಿದ್ದಳು. ಆ ಒಂದೇ ಎಳೆಯಿಂದ ನ್ಯಾನ್ಸಿಯ ತಾಯಿಯೂ ಶಿಪ್ಲಿ ಮನೆತನದವಳು ಎಂಬ ದೊಡ್ಡ ವಾದವೇ ಕಟ್ಟಲ್ಪಟ್ಟಿತು. ಜಾಮೀನುದಾರ ಒಂದು ದಿಕ್ಕು ತೋರಿಸುತ್ತಾನೆ, ಅಷ್ಟೇ. ಆ ದಿಕ್ಕಿಗೆ ಹೋದಮೇಲೆ ಬೇರೆ ದಾಖಲೆಯಿಂದ ಪುರಾವೆ ಹುಟ್ಟಬೇಕು.

ಉಯಿಲಿನಲ್ಲಿ ಇರುವವರು, ಬಿಟ್ಟುಹೋದವರು

ಜೋಸೆಫ್ ಹ್ಯಾಂಕ್ಸ್ ಎಂಬವನು 1793ರ ಜನವರಿಯಲ್ಲಿ ನೆಲ್ಸನ್ ಕೌಂಟಿಯಲ್ಲಿ ಉಯಿಲು ಬರೆದ. ಮೇ ತಿಂಗಳಲ್ಲಿ ಅದು ಕೋರ್ಟಿಗೆ ಬಂತು. ಗಂಡುಮಕ್ಕಳಿಗೆ ಒಂದೊಂದು ಕುದುರೆ, ಎಲಿಜಬೆತ್, ಪಾಲಿ, ನ್ಯಾನ್ಸಿ ಎಂಬ ಮೂವರು ಹೆಣ್ಣುಮಕ್ಕಳಿಗೆ ಒಂದೊಂದು ಕಡಸು, ಹೆಸರು ಸಮೇತ. ನ್ಯಾನ್ಸಿಯ ಪಾಲಿಗೆ ಬಂದದ್ದು ಪೈಡಿ. 1899ರಲ್ಲಿ ಪ್ರಕಟವಾದ ಒಂದು ಪುಸ್ತಕ ಈ ನ್ಯಾನ್ಸಿಯೇ ಅಧ್ಯಕ್ಷನ ತಾಯಿ ಎಂದು ಸಾರಿತು. ಆದರೆ ಈ ನ್ಯಾನ್ಸಿ ಬೇರೆ, ಲಿಂಕನ್‌ನ ಬಂಧು ಡೆನ್ನಿಸ್ ಹ್ಯಾಂಕ್ಸ್‌ನ ತಾಯಿ. ಒಂದೇ ಮನೆತನ, ಒಂದೇ ಸೀಮೆ, ಒಂದೇ ಹೆಸರು, ಇಬ್ಬರು ಹೆಂಗಸರು.

ಈ ಉಯಿಲಿನಲ್ಲಿ ಇಲ್ಲದ ಹೆಸರೂ ಒಂದಿದೆ, ಲೂಸಿ ಹ್ಯಾಂಕ್ಸ್. ಅಧ್ಯಕ್ಷನ ತಾಯಿ ನ್ಯಾನ್ಸಿ ಇವಳ ಮಗಳು ಎಂಬ ವಾದವಿದೆ. ಅವಳು ಜೋಸೆಫನ ಮಗಳೇ ಆಗಿದ್ದರೆ ಹೆಸರೇಕಿಲ್ಲ? ಆ ಹೊತ್ತಿಗೆ ಅವಳಿಗೆ ಮದುವೆಯಾಗಿತ್ತು. ಮದುವೆಯಲ್ಲಿ ಪಾಲು ಕೊಟ್ಟು ಕಳಿಸಿದ ಮಗಳನ್ನು ಉಯಿಲಿನಲ್ಲಿ ಬಿಡುವುದು ಆಗ ಮಾಮೂಲು. ಒಂದು ಶಿಲಿಂಗ್ ಬರೆದು ಮುಗಿಸುವುದೂ ಮಾಮೂಲು, ಅದು ಸಿಟ್ಟಿನ ಗುರುತೇ ಆಗಬೇಕಿಲ್ಲ. ಆದ್ದರಿಂದ ಉಯಿಲಿನಲ್ಲಿ ಹೆಸರಿಲ್ಲ ಎಂಬುದನ್ನು ಮಗಳಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಬಳಸಬೇಡಿ. ಉಯಿಲು ಬರೆದಾಗಿನ ಹೆಂಡತಿ ಎಲ್ಲ ಮಕ್ಕಳ ತಾಯಿ ಎಂದೂ ತಿಳಿಯಬೇಡಿ.

ಉಯಿಲಿಲ್ಲದೆ ಗಂಡ ಸತ್ತರೆ ಹುಡುಕುವವರಿಗೆ ಲಾಭವೇ ಹೆಚ್ಚು. ಆಸ್ತಿ ನೋಡಿಕೊಳ್ಳುವ ಮೊದಲ ಹಕ್ಕು ವಿಧವೆಯದು. ಅವಳಿಗಾಗಿ ಜಾಮೀನು ನಿಂತವರ ಹೆಸರು ಬರೆದುಕೊಳ್ಳಿ, ತವರಿನವರು ಅಲ್ಲಿ ಕಾಣಿಸಿಕೊಳ್ಳುತ್ತಾರೆ. ಮನೆ ಸಾಮಾನಿನ ಹರಾಜಿನ ಪಟ್ಟಿಯಲ್ಲಿ ಯಾರು ಏನು ಕೊಂಡರು ಎಂಬುದನ್ನೂ ಬಿಡಬೇಡಿ. ತಂದೆ ಸತ್ತ ಮಕ್ಕಳಿಗೆ ತಾಯಿ ಬದುಕಿದ್ದರೂ ಕೋರ್ಟು ಬೇರೆ ಪಾಲಕನನ್ನು ನೇಮಿಸುತ್ತಿತ್ತು. 14 ತುಂಬಿದ ಮಗು ತಾನೇ ಆರಿಸಿಕೊಳ್ಳಬಹುದಿತ್ತು. ಮಗುವಿನ ಆಸ್ತಿಗೆ ವಾರಸುದಾರನಾಗಬಲ್ಲವನ ಕೈಗೆ ಮಗುವನ್ನು ಕೊಡಬಾರದೆಂಬುದು ಹಳೆಯ ಕಾನೂನಿನ ಜಾಣತನ. ಹಾಗಾಗಿ ಪಾಲಕನಾಗಿ ಸೋದರಮಾವ ಬರುವುದು ಅಪರೂಪವಲ್ಲ. ಪಾಲಕನ ಮನೆತನದ ಹೆಸರು ಮಕ್ಕಳ ಹೆಸರಿಗಿಂತ ಬೇರೆಯಾಗಿದ್ದರೆ ಅದೇ ಮೊದಲು ಪರೀಕ್ಷಿಸಬೇಕಾದ ತವರು ಹೆಸರು.

ಕ್ರಯಪತ್ರ ಮತ್ತು ಚಕ್ಕುಬಂದಿ

ಗಂಡನ ಜಮೀನಿನಲ್ಲಿ ಮೂರನೇ ಒಂದು ಪಾಲನ್ನು ಬದುಕಿರುವ ತನಕ ಅನುಭವಿಸುವ ಹಕ್ಕು ವಿಧವೆಗೆ ಇತ್ತು, ಅದಕ್ಕೆ ಡೌವರ್ ಎನ್ನುತ್ತಾರೆ. ಗಂಡ ಜಮೀನು ಮಾರಿದಾಗ ಹೆಂಡತಿ ಆ ಹಕ್ಕು ಬಿಟ್ಟುಕೊಡಬೇಕು, ಇಲ್ಲವಾದರೆ ಕೊಂಡವನಿಗೆ ಮುಂದೆ ತಕರಾರು. ಒತ್ತಾಯವಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ನ್ಯಾಯಾಧಿಕಾರಿಗಳು ಗಂಡನನ್ನು ಹೊರಗಿಟ್ಟು ಅವಳೊಬ್ಬಳನ್ನೇ ಕೇಳುತ್ತಿದ್ದರು. ಗಡಿಸೀಮೆಯ ಹೆಣ್ಣಿನ ಹೆಸರು ಖಚಿತವಾಗಿ ಸಿಗುವ ಜಾಗಗಳಲ್ಲಿ ಇದು ಮುಖ್ಯವಾದದ್ದು. ಈ ಗಂಡನ ಎಲ್ಲ ಮಾರಾಟಗಳನ್ನೂ ವರ್ಷದ ಪ್ರಕಾರ ಜೋಡಿಸಿ. 1798ರಲ್ಲಿ ಹೆಂಡತಿ ಮೇರಿ, 1804ರಲ್ಲಿ ಹೆಂಡತಿ ಸಾರಾ ಎಂದಿದ್ದರೆ ಇಬ್ಬರು ಹೆಂಡಿರು. ನಡುವೆ ಒಂದು ಪತ್ರದಲ್ಲಿ ಹೆಂಡತಿಯೇ ಇಲ್ಲದಿದ್ದರೆ ಆಗ ಅವನು ವಿಧುರನಿರಬಹುದು, ಇಲ್ಲವೇ ಅವಳ ಒಪ್ಪಿಗೆ ಬೇರೆ ಪುಟದಲ್ಲಿ ಆಮೇಲೆ ಸೇರಿರಬಹುದು.

ಸೂಚಿಯನ್ನು ನಂಬಬೇಡಿ. ಅದರಲ್ಲಿ ಮೊದಲ ಹೆಸರು ಬರೆದು ಉಳಿದವರನ್ನೆಲ್ಲ ಲ್ಯಾಟಿನ್ ಚುಟುಕಿನಲ್ಲಿ ಮುಗಿಸಿರುತ್ತಾರೆ. ಹೆಂಡತಿಯೂ ಒಡಹುಟ್ಟಿದವರೂ ಅಲ್ಲೇ ಅಡಗಿರುತ್ತಾರೆ. ತಂದೆ ಸತ್ತು ಹತ್ತು ಹನ್ನೆರಡು ವರ್ಷದ ಮೇಲೆ ಮಕ್ಕಳೆಲ್ಲ ಸೇರಿ ಜಮೀನು ಮಾರಿದ ಪತ್ರ ಸಿಕ್ಕಿತೆಂದರೆ ಇಡೀ ಸಂಸಾರವೇ ಸಿಕ್ಕಂತೆ: ಪ್ರತಿ ಮಗಳು ಗಂಡನ ಹೆಸರಿನೊಂದಿಗೆ ಇರುತ್ತಾಳೆ. ವಲಸೆ ಹೋದ ಮಗಳ ಪಾಲಿನ ಮಾರಾಟ ಮುಕ್ತಿಯಾರು ಪತ್ರದ ಮೂಲಕ ನಡೆದಿರುತ್ತದೆ, ಅದರಲ್ಲಿ ಅವಳ ಹೊಸ ಊರೂ ಇರುತ್ತದೆ. ಪ್ರೀತಿ ವಿಶ್ವಾಸಕ್ಕಾಗಿ ಎಂದು ಬರೆದು ಒಂದು ಡಾಲರಿಗೋ ಐದು ಶಿಲಿಂಗಿಗೋ ಜಮೀನು ಕೊಟ್ಟ ಪತ್ರ ಕಂಡರೆ ಕೊಟ್ಟವನು ಮಾವನೇ ಎಂದು ನೋಡಿ.

ಚಕ್ಕುಬಂದಿಯನ್ನು ನಕ್ಷೆಗೆ ಇಳಿಸುವುದಕ್ಕೆ ಒಂದು ಸಂಜೆ ಸಾಕು. ಈ ಸೀಮೆಯಲ್ಲಿ ಅಳತೆ ಪೋಲ್‌ನಲ್ಲಿ: ಒಂದು ಪೋಲ್ ಹದಿನಾರೂವರೆ ಅಡಿ, 320 ಪೋಲ್ ಒಂದು ಮೈಲಿ. ಬಿಳಿ ಓಕ್ ಮರದಿಂದ ಉತ್ತರಕ್ಕೆ 40 ಡಿಗ್ರಿ ಪೂರ್ವವಾಗಿ 120 ಪೋಲ್ ಎಂಬಂತಿರುತ್ತದೆ. ಕೋನಮಾಪಕ ಇಟ್ಟು ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಯುತ್ತ ಹೋಗಿ. ನೆರೆಯವರ ಜಮೀನನ್ನೂ ಎಳೆದು ತುಂಡುಗಳನ್ನು ಜೋಡಿಸಿ. ಹುಡುಗ ಹೆಣ್ಣು ನೋಡುತ್ತಿದ್ದದ್ದು ಕುದುರೆಯ ಮೇಲೆ ಹೋಗಿ ಸಂಜೆಗೆ ವಾಪಸಾಗುವ ದೂರದಲ್ಲಿ. ಸುತ್ತಲ ಐದಾರು ಮೈಲಿಯ ಮನೆಗಳಲ್ಲಿ ಅವಳ ತವರು ಇರುವ ಸಂಭವ ದೊಡ್ಡದು. ಕೊನೆಗೆ ಗೆರೆ ಶುರುವಾದ ಜಾಗಕ್ಕೆ ಬಂದು ಮುಟ್ಟದಿದ್ದರೆ ಗುಮಾಸ್ತ ನಕಲು ಮಾಡುವಾಗ ಒಂದು ಸಾಲು ಬಿಟ್ಟಿದ್ದಾನೆ ಅಥವಾ ಪೂರ್ವ, ಪಶ್ಚಿಮ ಅದಲುಬದಲಾಗಿದೆ.

ಕೆಂಟಕಿಯ ಹಳೆಯ ಜಮೀನುಗಳು ಒಂದರ ಮೇಲೊಂದು ಹೊದಿಸಿದಂತೆ ಇದ್ದವು. ವರ್ಜೀನಿಯಾ 1779ರ ಕಾನೂನಿನಲ್ಲಿ ಮೊದಲ ನೆಲಸಿಗರಿಗೆ 400 ಎಕರೆ, ಅದಕ್ಕೆ ಸೇರಿದಂತೆ 1000 ಎಕರೆ ಕೊಳ್ಳುವ ಮುಂಗಡ ಹಕ್ಕು ಕೊಟ್ಟಿತು. ಸರ್ಕಾರಿ ಮೋಜಣಿಯಾಗಿ ಗಡಿ ಹಾಕಿರಲಿಲ್ಲ. ವ್ಯಾಜ್ಯಗಳು ಹತ್ತಾರು ವರ್ಷ ನಡೆದವು. ಈ ಕಡತಗಳಲ್ಲಿ ಮುದುಕಿಯರ ಸಾಕ್ಷಿ ಹೇಳಿಕೆ ಸಿಗುತ್ತದೆ: ತನ್ನ ವಯಸ್ಸು ಇಷ್ಟು, ಇಂಥ ವರ್ಷ ಇಂಥವನ ಮಗಳಾಗಿ ಇಂಥ ಕೋಟೆಗೆ ಬಂದೆ ಎಂದು. ವರ್ಜೀನಿಯಾ ಗ್ರಂಥಾಲಯದ ಚಾನ್ಸರಿ ಕೋರ್ಟು ವ್ಯಾಜ್ಯಗಳ ಸೂಚಿಯನ್ನು ಆನ್‌ಲೈನ್‌ನಲ್ಲಿ ನೋಡಬಹುದು.

ವಿಧವೆಯ ಪಿಂಚಣಿ ಕಡತ

ಗಂಡ ಅಮೆರಿಕದ ಕ್ರಾಂತಿಯುದ್ಧದಲ್ಲಿ ಸೇವೆ ಮಾಡಿದ್ದರೆ ಉಳಿದದ್ದೆಲ್ಲ ಪಕ್ಕಕ್ಕಿಟ್ಟು ಮೊದಲು ಇದನ್ನು ನೋಡಿ. 1836ರ ಜುಲೈ 4ರ ಕಾನೂನು, ಗಂಡನ ಸೇವೆ ಮುಗಿಯುವ ಮುಂಚೆ ಮದುವೆಯಾದ ವಿಧವೆಯರಿಗೆ ಪಿಂಚಣಿ ಕೊಟ್ಟಿತು. 1838ರಲ್ಲಿ ಗಡುವು 1794ರ ಜನವರಿ 1ಕ್ಕೆ ಮುಂದೆ ಹೋಯಿತು, 1848ರಲ್ಲಿ 1800ರ ತನಕ, 1853ರಲ್ಲಿ ಗಡುವೇ ಹೋಯಿತು. ಗಡುವು ಇತ್ತೆಂದರೆ ವಿಧವೆ ತನ್ನ ಮದುವೆಯ ತಾರೀಖನ್ನು ರುಜುವಾತು ಮಾಡಬೇಕು. ಮದುವೆ ದಾಖಲೆ ಇಲ್ಲದವರು ಮನೆಯ ಬೈಬಲ್ಲಿನಿಂದ ಹುಟ್ಟು, ಮದುವೆ ಬರೆದಿದ್ದ ಹಾಳೆಯನ್ನೇ ಹರಿದು ಕಳಿಸಿದ್ದಾರೆ. ಆ ಹಾಳೆಗಳು ಕಡತದಲ್ಲೇ ಉಳಿದಿವೆ. ಅಕ್ಕತಂಗಿಯರು ಬಂದು, ಅವಳ ಮದುವೆಯ ದಿನ ನಾನಿದ್ದೆ, ನಮ್ಮಪ್ಪನ ಮನೆಯಲ್ಲೇ ಆಯಿತು ಎಂದು ಪ್ರಮಾಣ ಮಾಡಿದ್ದಾರೆ.

ರಾಷ್ಟ್ರೀಯ ದಾಖಲಾಲಯದ ಎಂ804 ಸರಣಿಯಲ್ಲಿ ಇಂಥ ಎಂಬತ್ತು ಸಾವಿರಕ್ಕೂ ಹೆಚ್ಚು ಕಡತಗಳಿವೆ. ಡಬ್ಲ್ಯೂ ಅಕ್ಷರದಿಂದ ಶುರುವಾಗುವ ಸಂಖ್ಯೆ ವಿಧವೆಯದು, ಎಸ್ ಎಂದರೆ ಸೈನಿಕನದು, ಆರ್ ಎಂದರೆ ತಿರಸ್ಕೃತ. ತಿರಸ್ಕೃತ ಎಂದು ಬಿಡಬೇಡಿ. ಪುರಾವೆ ಸಾಲದೆ ಮತ್ತೆ ಮತ್ತೆ ಹೇಳಿಕೆ ಕೊಟ್ಟ ಕಡತಗಳೇ ದಪ್ಪ. ಮರುಮದುವೆಯಾದ ವಿಧವೆಯ ಅರ್ಜಿ ಹಳೆಯ ಗಂಡನ ಹೆಸರಿನಡಿ ಇರುತ್ತದೆ. 1800ರ ನವೆಂಬರಿನಲ್ಲಿ ಯುದ್ಧ ಇಲಾಖೆಗೆ ಬೆಂಕಿ ಬಿದ್ದು ಅದಕ್ಕೂ ಹಿಂದಿನ ಅರ್ಜಿಗಳು ಹೋದವು.

ಚರ್ಚಿನ ನಡಾವಳಿ ಮತ್ತು ಮುದುಕರ ಮಾತು

ಗಡಿಸೀಮೆಯಲ್ಲಿ ಬ್ಯಾಪ್ಟಿಸ್ಟರು ಹೆಚ್ಚು. ಅವರು ಶಿಶುಗಳಿಗೆ ದೀಕ್ಷೆ ಕೊಡುವುದಿಲ್ಲ, ಹಾಗಾಗಿ ಹುಟ್ಟಿನ ದಾಖಲೆ ನಿರೀಕ್ಷಿಸಬೇಡಿ. ಸದಸ್ಯರ ಪಟ್ಟಿಯಲ್ಲಿ ಮಾತ್ರ ಹೆಂಗಸರು ತಮ್ಮ ಹೆಸರಿನಲ್ಲೇ ಇರುತ್ತಾರೆ. ಇಂಥ ಚರ್ಚಿನಿಂದ ಪತ್ರ ತಂದು ಸೇರಿದಳು, ಇಂಥ ತಿಂಗಳು ಪತ್ರ ಪಡೆದು ಹೋದಳು ಎಂಬುದರಿಂದ ವಲಸೆಯ ದಾರಿ ತಿಳಿಯುತ್ತದೆ. ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನವಾದರೆ ಅದೃಷ್ಟ, ಅವರಷ್ಟು ಚೆನ್ನಾಗಿ ಬರೆದಿಟ್ಟವರಿಲ್ಲ. ಹೊರಗಿನವರನ್ನು ಮದುವೆಯಾಗಿ ಬಹಿಷ್ಕಾರಕ್ಕೊಳಗಾದ ಹೆಣ್ಣಿನ ಹೊಸ ಹೆಸರೂ ಹಳೆಯ ಹೆಸರೂ ಒಂದೇ ಸಾಲಿನಲ್ಲಿ ಸಿಗುತ್ತವೆ.

ವಿಸ್ಕಾನ್ಸಿನ್ ಐತಿಹಾಸಿಕ ಸಂಘದಲ್ಲಿರುವ ಡ್ರೇಪರ್ ಹಸ್ತಪ್ರತಿಗಳು ಈ ಸೀಮೆಯ ದೊಡ್ಡ ನಿಧಿ. ಲೈಮನ್ ಡ್ರೇಪರ್ 1851ರಲ್ಲಿ, ಕೆಂಟಕಿಯ ಹೆಸರಾಂತ ಮೊದಲ ನೆಲಸಿಗರಲ್ಲೊಬ್ಬನಾದ ಡೇನಿಯಲ್ ಬೂನ್‌ನ ಮಗ ನೇಥನ್ ಮತ್ತು ಸೊಸೆ ಆಲಿವ್ ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡ. ಜಾನ್ ಶೇನ್ ಎಂಬ ಪಾದ್ರಿ ಕೆಂಟಕಿಯ ಮುದುಕ ಮುದುಕಿಯರಿಂದ ಸಂಗ್ರಹಿಸಿದ ಮಾತುಗಳೂ ಅಲ್ಲೇ ಸೇರಿವೆ. ಆದರೆ ಇವೆಲ್ಲ ಐವತ್ತು ವರ್ಷದ ನೆನಪು. ಯಾರು ಯಾರ ಮಗಳು ಎಂಬುದಕ್ಕೆ ಒಳ್ಳೆಯ ಸುಳಿವು, ತಾರೀಖಿಗೆ ನಂಬಬಾರದು. ಸಮಾಧಿ ಕಲ್ಲಿಗೂ ಇದೇ ಮಾತು: ನ್ಯಾನ್ಸಿ ತೀರಿಕೊಂಡದ್ದು 1818ರ ಅಕ್ಟೋಬರ್ 5ರಂದು, ಇಂಡಿಯಾನಾದಲ್ಲಿ, ವಿಷದ ಗಿಡ ಮೇಯ್ದ ಹಸುವಿನ ಹಾಲಿನಿಂದ ಬರುವ ಕಾಯಿಲೆಗೆ, ಅವಳ ಗೋರಿಗೆ ಕಲ್ಲು ನಿಂತದ್ದು 1879ರಲ್ಲಿ.

ಗುಲಾಮಳಾಗಿದ್ದ ಹೆಣ್ಣನ್ನು ಹುಡುಕುವವರಿಗೆ ದಾರಿ ಬೇರೆ. ಅವಳ ಹೆಸರು ಒಡೆಯನ ಉಯಿಲು, ಆಸ್ತಿ ಪಟ್ಟಿ, ಪಾಲುಪಟ್ಟಿಗಳಲ್ಲಿ ಬೆಲೆಯ ಪಕ್ಕದಲ್ಲಿರುತ್ತದೆ. 1850ರ ಗುಲಾಮರ ಗಣತಿಯಲ್ಲಿ ಸಾಮಾನ್ಯವಾಗಿ ಹೆಸರೇ ಇಲ್ಲ, ವಯಸ್ಸು, ಲಿಂಗ, ಬಣ್ಣ ಅಷ್ಟೇ. ಅಲ್ಲಿ ಒಡೆಯನ ಮನೆಯ ಹೆಣ್ಣುಮಕ್ಕಳ ಮದುವೆಗಳನ್ನೂ ಹಿಂಬಾಲಿಸಬೇಕು, ಯಾಕೆಂದರೆ ಮಗಳಿಗೆ ಕೊಟ್ಟು ಕಳಿಸಿದ ಆಸ್ತಿಯಲ್ಲಿ ಗುಲಾಮರೂ ಸೇರಿರುತ್ತಿದ್ದರು.

ಓದುವಾಗ ಎಡವುವ ಜಾಗಗಳು

ಪಾಲಿ ಎಂದರೆ ಮೇರಿ, ಪ್ಯಾಟ್ಸಿ ಎಂದರೆ ಮಾರ್ಥಾ, ಸ್ಯಾಲಿ ಎಂದರೆ ಸಾರಾ, ಪೆಗ್ಗಿ ಎಂದರೆ ಮಾರ್ಗರೆಟ್. ನ್ಯಾನ್ಸಿ ಬಹಳ ಸಲ ಆ್ಯನ್. ಪಾಲಿ ಮತ್ತು ಮೇರಿ ಎಂದು ಇಬ್ಬರು ಹೆಂಡಿರನ್ನು ಸೃಷ್ಟಿಸಿದ ವಂಶವೃಕ್ಷಗಳಿಗೆ ಲೆಕ್ಕವಿಲ್ಲ. ಹಿರಿಯ, ಕಿರಿಯ ಎಂದು ಬರೆದಿದ್ದರೆ ತಂದೆ ಮಗ ಆಗಬೇಕಿಲ್ಲ, ಒಂದೇ ಹೆಸರಿನ ನೆರೆಯವರೂ ಆಗಬಹುದು. ಕೋರ್ಟಿನ ಭಾಷೆಯಲ್ಲಿ ಶಿಶು ಎಂದರೆ 21 ತುಂಬದವರು, ಅನಾಥ ಎಂದರೆ ತಂದೆ ಇಲ್ಲದವರು. ಅತ್ತೆ ಎಂಬರ್ಥದ ಪದವನ್ನೇ ಮಲತಾಯಿಗೂ ಬಳಸುತ್ತಿದ್ದರು.

ಹಳೆಯ ಬರಹದಲ್ಲಿ ಎಸ್ ಜೋಡಿಯಾಗಿ ಬಂದಾಗ ಮೊದಲನೆಯದು ಎಫ್‌ನಂತೆ ಕಾಣುತ್ತದೆ, ಜೆಸ್ಸಿ ಎಂಬುದು ಜೆಫ್ಸಿ ಆಗುತ್ತದೆ. ದೊಡ್ಡಕ್ಷರದ ಎಲ್ ಮತ್ತು ಎಸ್ ಒಂದೇ ತರ. ಲಿಂಕನ್ ಹೆಸರನ್ನು ಲಿಂಕ್‌ಹಾರ್ನ್ ಎಂದೂ ಬರೆದಿದ್ದಾರೆ. ಗುಮಾಸ್ತ ಕಿವಿಗೆ ಬಿದ್ದದ್ದನ್ನು ಬರೆದ. 1752ಕ್ಕೆ ಮುಂಚೆ ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಬೂನ್‌ನ ಹೆಂಡತಿ ರೆಬೆಕಾ ಬ್ರಯನ್ ಹುಟ್ಟಿದ 1739ರ ಜನವರಿ ಅಂದಿನ ಲೆಕ್ಕದಲ್ಲಿ ಇನ್ನೂ 1738.

ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ತಾಣದಲ್ಲಿ ಉಚಿತ ಖಾತೆ ತೆರೆದು, ಕ್ಯಾಟಲಾಗ್‌ನಲ್ಲಿ ರಾಜ್ಯ, ಕೌಂಟಿ ಹಾಕಿ, ಕೋರ್ಟ್, ಜಮೀನು, ಉಯಿಲು ವಿಭಾಗಗಳ ಚಿತ್ರಗಳನ್ನು ಪುಟಪುಟವಾಗಿ ನೋಡಬಹುದು. ಕೆಲವನ್ನು ಅವರ ಕೇಂದ್ರಗಳಲ್ಲಿ ಮಾತ್ರ ತೆರೆಯಬಹುದು. ಈಚೆಗೆ ಕೈಬರಹವನ್ನು ಯಂತ್ರವೇ ಓದಿ ಹುಡುಕುವ ಸೌಲಭ್ಯವೂ ಬಂದಿದೆ. ಸೂಚಿಯಲ್ಲಿಲ್ಲದ ಸಾಕ್ಷಿಗಳ ಹೆಸರು ಅದರಲ್ಲಿ ಸಿಗುತ್ತದೆ. ಗಂಡನ ಮನೆತನದ ಹೆಸರು, ಅನುಮಾನದ ತವರು ಹೆಸರು ಎರಡನ್ನೂ ಒಟ್ಟಿಗೆ ಹಾಕಿ, ಕೌಂಟಿ ಮತ್ತು ವರ್ಷದ ಮಿತಿ ಇಟ್ಟು ಹುಡುಕಿ. ಯಂತ್ರವೂ ಎಲ್, ಎಸ್ ತಪ್ಪು ಓದುತ್ತದೆ.

ಡಿಎನ್‌ಎ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಆರು ತಲೆಮಾರು ಹಿಂದಿನ ಅಜ್ಜಿಯಿಂದ ನಿಮಗೆ ಬರುವುದು ಸರಾಸರಿ 64ರಲ್ಲಿ ಒಂದು ಭಾಗ, ಎಂಟು ತಲೆಮಾರಾದರೆ 256ರಲ್ಲಿ ಒಂದು. ಸಾಮಾನ್ಯ ಪರೀಕ್ಷೆ ಅಲ್ಲಿ ಸೋಲತೊಡಗುತ್ತದೆ. ತಾಯಿಯಿಂದ ಮಗಳಿಗೆ, ಅವಳಿಂದ ಅವಳ ಮಗಳಿಗೆ ಹೆಚ್ಚೂಕಡಿಮೆ ಬದಲಾಗದೆ ಇಳಿಯುವ ಮೈಟೊಕಾಂಡ್ರಿಯದ ಡಿಎನ್‌ಎ ಎಷ್ಟು ಹಿಂದಕ್ಕಾದರೂ ಹೋಗುತ್ತದೆ. ಪರೀಕ್ಷೆಗೆ ಕೂರುವವರು ಮುರಿಯದ ಹೆಣ್ಣುಸಂತತಿಯವರಾಗಿರಬೇಕು; ಕೊನೆಯ ಕೊಂಡಿ ಗಂಡಾದರೂ ನಡೆಯುತ್ತದೆ.

ನ್ಯಾನ್ಸಿಯ ವಿಷಯದಲ್ಲಿ ಅವಳ ಒಬ್ಬಳೇ ಮಗಳು ಸಾರಾ 1828ರಲ್ಲಿ ಹೆರಿಗೆಯಲ್ಲಿ ಸತ್ತಳು, ಆ ಸಂತತಿ ಮುಂದುವರಿಯಲಿಲ್ಲ. ಹೀಗಾಗಿ ಲೂಸಿಯ ಬೇರೆ ಹೆಣ್ಣುಮಕ್ಕಳ ಸಂತತಿ, ಜೋಸೆಫ್ ಹ್ಯಾಂಕ್ಸ್‌ನ ಹೆಂಡತಿಯ ಬೇರೆ ಹೆಣ್ಣುಮಕ್ಕಳ ಸಂತತಿ, ಶಿಪ್ಲಿ ಮನೆತನದ ಸಂತತಿ ಇವುಗಳನ್ನು ಹೋಲಿಸಿದರು. 2015ರಲ್ಲಿ ಬಂದ ಫಲಿತಾಂಶದಂತೆ ಮೊದಲೆರಡು ಎಕ್ಸ್1ಸಿ ಎಂಬ ಅಪರೂಪದ ಗುಂಪಿನಲ್ಲಿ ಕೂಡಿದವು, ಶಿಪ್ಲಿ ಕೂಡಲಿಲ್ಲ. ಲೂಸಿ ಹ್ಯಾಂಕ್ಸ್ ಮನೆಯ ಮಗಳೇ ಎಂಬುದು ಇದರಿಂದ ಗಟ್ಟಿಯಾಯಿತು. ಆದರೆ ನ್ಯಾನ್ಸಿ ಲೂಸಿಯ ಮಗಳು ಎಂಬ ಕೊಂಡಿ ಡಿಎನ್‌ಎಯಿಂದ ಬಂದದ್ದಲ್ಲ. ಅದಕ್ಕೆ ಆಧಾರ ಬೇರೆ: 1789ರ ನವೆಂಬರಿನಲ್ಲಿ ಮರ್ಸರ್ ಕೌಂಟಿಯ ಜ್ಯೂರಿ ಲೂಸಿಯ ನಡತೆಯ ಮೇಲೆ ಹೊರಿಸಿದ ಆರೋಪ, 1790ರ ಏಪ್ರಿಲಿನಲ್ಲಿ ಹೆನ್ರಿ ಸ್ಪ್ಯಾರೋನನ್ನು ಮದುವೆಯಾಗಲು ತಾನು ವಯಸ್ಸಿಗೆ ಬಂದವಳೆಂದು ಲೂಸಿ ತಾನೇ ಕೊಟ್ಟ ಒಪ್ಪಿಗೆ, ನ್ಯಾನ್ಸಿಯನ್ನು ಜೋಸೆಫನ ಮಗಳು ಎಲಿಜಬೆತ್ ಹ್ಯಾಂಕ್ಸ್ ಸ್ಪ್ಯಾರೋ ಸಾಕಿದ್ದು, ತನ್ನ ತಾಯಿ ಲೂಸಿಯ ಮಗಳೆಂದು ಲಿಂಕನ್ ಹೇಳಿದನೆಂದು ಅವನ ವಕೀಲಿ ಜೊತೆಗಾರ ಹರ್ನ್‌ಡನ್ ವರ್ಷಗಳ ಮೇಲೆ ಬರೆದ ಮಾತು. ಪರೀಕ್ಷೆಗೆ ಹಣ ಕೊಡುವ ಮುಂಚೆ ಯಾವ ಎರಡು ವಾದಗಳ ನಡುವೆ ಅದು ತೀರ್ಪು ಕೊಡಬೇಕು ಎಂದು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಬರೆಯಲಾಗದಿದ್ದರೆ ಪರೀಕ್ಷೆ ಬೇಡ.

ಬರೆದಿಡುವುದು

ಆನ್‌ಲೈನ್ ವಂಶವೃಕ್ಷಗಳಲ್ಲಿ ಒಂದೇ ತವರು ಹೆಸರು ಐನೂರು ಕಡೆ ಕಂಡರೂ ಅದು ಒಬ್ಬನ ಊಹೆಯ ಐನೂರು ನಕಲು ಇರಬಹುದು. ಹಳೆಯ ಅಚ್ಚಿನ ವಂಶಾವಳಿಗಳೂ ಪರಿಶುದ್ಧವಲ್ಲ. ಗುಸ್ತಾವ್ ಅಂಜೂ ಎಂಬವನು ನೂರು ವರ್ಷದ ಹಿಂದೆ ಸುಳ್ಳು ವಂಶಾವಳಿಗಳನ್ನು ಶ್ರೀಮಂತರಿಗೆ ಹಣಕ್ಕೆ ಬರೆದುಕೊಡುತ್ತಿದ್ದ, ಅವನ ಅಜ್ಜಿಯರು ಈಗಲೂ ತಾಣಗಳಲ್ಲಿ ಓಡಾಡುತ್ತಿದ್ದಾರೆ.

ಪ್ರತಿ ದಾಖಲೆಗೂ ಕೌಂಟಿ, ಪುಸ್ತಕದ ಹೆಸರು, ಪುಟ, ಫಿಲ್ಮ್ ಸಂಖ್ಯೆ, ಚಿತ್ರ ಸಂಖ್ಯೆ ಬರೆಯಿರಿ. ಹುಡುಕಿ ಸಿಗದ ಪುಸ್ತಕಗಳ ಪಟ್ಟಿಯೂ ವರ್ಷದ ಸಮೇತ ಇರಲಿ, ಇಲ್ಲವಾದರೆ ಆರು ತಿಂಗಳ ಮೇಲೆ ಅದೇ ಪುಸ್ತಕ ಮತ್ತೆ ತಿರುವುತ್ತೀರಿ. ನೇರ ಪುರಾವೆ ಇಲ್ಲದಾಗ ಪರೋಕ್ಷ ಸುಳಿವುಗಳನ್ನು ಒಂದೆರಡು ಪುಟದ ವಾದವಾಗಿ ಬರೆಯಿರಿ: ಯಾವ ಯಾವ ತಂದೆಯಂದಿರು ಸಾಧ್ಯ, ಒಬ್ಬೊಬ್ಬರನ್ನು ಯಾಕೆ ಬಿಟ್ಟಿರಿ, ಎದುರು ಸಾಕ್ಷಿಗೆ ಏನುತ್ತರ. ಇಬ್ಬರು ಉಳಿದುಕೊಂಡರೆ ವೃಕ್ಷದಲ್ಲಿ ತವರು ಹೆಸರಿನ ಜಾಗ ಖಾಲಿ ಬಿಟ್ಟು, ಎರಡು ಹೆಸರನ್ನೂ ಟಿಪ್ಪಣಿಯಲ್ಲಿ ಇಡಿ. ಫ್ಯಾಮಿಲಿಸರ್ಚ್‌ನ ಸಾರ್ವಜನಿಕ ವೃಕ್ಷವನ್ನು ಯಾರು ಬೇಕಾದರೂ ತಿದ್ದಬಹುದು. ನಿಮ್ಮ ವಾದದ ಪ್ರತಿಯನ್ನು ಅಲ್ಲಿ ಲಗತ್ತಿಸಿ, ಮೂಲವನ್ನು ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ.